ಯೋಗದ ಕ್ಲಾಸಲ್ಲಿ ಶ್ಲೋಕ ಯಾಕೆ? ಅರ್ಥ ಗೊತ್ತಿಲ್ಲದವರು ಬಿಡಬಹುದಾ?

ಅರ್ಥ ತಿಳಿದ ಮೇಲೇ ಬಾಯಿ ಬಿಡ್ತೀನಿ, ಅಲ್ಲಿವರೆಗೆ ಕ್ಲಾಸ್ ಶುರುವಿನ ಶ್ಲೋಕ ಮುಗಿದ ಮೇಲೆ ಒಳಗೆ ಹೋದರೆ ಆಗಲ್ವಾ ಅಂತ ಕೇಳಿದ್ದೀರಿ. ಮೈಸೂರಲ್ಲಿ ಅಷ್ಟಾಂಗ ವಿನ್ಯಾಸ, ಅಂದರೆ ಉಸಿರಿನ ಎಣಿಕೆಗೆ ತಕ್ಕಂತೆ ಆಸನ ಮಾಡುವ ಪದ್ಧತಿ, ಕಲಿಯುವಾಗ ನಾನು ಅದನ್ನೇ ಮಾಡುತ್ತಿದ್ದೆ. ಒಳಗಿಂದ ಕೊನೆಯ ಮಾತು "ಪ್ರಣಮಾಮಿ ಪತಂಜಲಿಂ" ಕೇಳುವ ತನಕ ಚಪ್ಪಲಿ ಬಿಡೋ ಜಾಗದಲ್ಲೇ ನಿಂತಿರುತ್ತಿದ್ದೆ.

ತಪ್ಪಾಗಿದ್ದು ಅಲ್ಲೇ. ಸ್ಕೂಟರ್ ಇಳಿದು ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಆರಿರುತ್ತಿರಲಿಲ್ಲ. ಮೇಷ್ಟ್ರು "ಏಕಂ" ಅಂದರೆ ಉಸಿರು ಒಳಗೆ, ಕೈ ಮೇಲೆ. "ದ್ವೇ" ಅಂದರೆ ಉಸಿರು ಹೊರಗೆ, ಮುಂದಕ್ಕೆ ಬಾಗಬೇಕು. ನನ್ನ ಉಸಿರು ಆ ಎಣಿಕೆಗೆ ಸಿಗುತ್ತಲೇ ಇರಲಿಲ್ಲ. ಅದನ್ನು ಮುಚ್ಚಿಡೋಕೆ ಉಸಿರು ಬಿಗಿಹಿಡಿದು ಮೈಯನ್ನು ಎಳೆಯುತ್ತಿದ್ದೆ. ಉಸಿರು ಕಟ್ಟಿದರೆ ಮೈ ಬಿಗಿಯುತ್ತದೆ, ಬಿಗಿದ ಮೈಯನ್ನು ಎಳೆದರೆ ನೋವು ಮೊದಲೇ ಗೊತ್ತಾಗೋದಿಲ್ಲ. ಒಂದು ದಿನ ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ತೊಡೆಯ ಹಿಂದಿನ ಸ್ನಾಯು ಚಳಕ್ ಅಂತು. ಬಗ್ಗಿ ಚಪ್ಪಲಿ ಹಾಕಿಕೊಳ್ಳೋಕೂ ಆಗದೆ ತಿಂಗಳುಗಟ್ಟಲೆ ಒದ್ದಾಡಿದೆ. ಶ್ಲೋಕ ಹೇಳಿದ್ದರೆ ದೇವರು ಕಾಪಾಡುತ್ತಿದ್ದ ಅಂತ ನಾನು ಹೇಳುತ್ತಿಲ್ಲ. ಉಸಿರು ತಹಬಂದಿಗೆ ಬರೋಕೆ ಇದ್ದ ಒಂದೇ ಹೊತ್ತನ್ನು ಬಾಗಿಲ ಹೊರಗೆ ಕಳೆದೆ, ಅಷ್ಟೇ.

ವಾಪಸ್ ಹೋದಾಗ ಮೇಷ್ಟ್ರು ಕೂರಿಸಿಕೊಂಡು ಹೇಳಿಸಿದರು. "ವಂದೇ ಗುರೂಣಾಂ ಚರಣಾರವಿಂದೇ" ಒಂದೇ ಉಸಿರಲ್ಲಿ. ಅವರು ಹೇಳುವಾಗ ನಾವು ಕೇಳಿಸಿಕೊಳ್ಳುತ್ತಾ ಉಸಿರು ತಗೋಬೇಕು, ನಾವು ಹೇಳುವಾಗ ಅದು ನಿಧಾನಕ್ಕೆ ಖಾಲಿಯಾಗಬೇಕು. ಸಾಲಿನ ನಡುವೆ ಉಸಿರು ಮುಗಿದ ದಿನ ಆಸನದಲ್ಲೂ ಅರ್ಧಕ್ಕೇ ನಿಲ್ಲು ಅಂದರು. ಇವತ್ತಿಗೂ ನನಗೆ ಅದೇ ಅಳತೆಗೋಲು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೂ ಇದಕ್ಕೆ ಹತ್ತಿರದ್ದೇ: ಲ್ಯಾಟಿನ್‌ನಲ್ಲಿ ಕ್ರೈಸ್ತರ ಆವೆ ಮರಿಯಾ ಪ್ರಾರ್ಥನೆ ಹೇಳಿದರೂ, ಬೌದ್ಧರ ಓಂ ಮಣಿ ಪದ್ಮೇ ಹುಂ ಮಂತ್ರ ಹೇಳಿದರೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು.

ಅರ್ಥ ಬೇಡ ಅಂತಲ್ಲ, ಖಂಡಿತ ಕೇಳಿ ತಿಳಿದುಕೊಳ್ಳಿ. ಪತಂಜಲಿಯೇ ಯೋಗಸೂತ್ರದ ಮೊದಲ ಪಾದದ 28ನೇ ಸೂತ್ರದಲ್ಲಿ ಪ್ರಣವದ, ಅಂದರೆ ಓಂಕಾರದ, ಜಪ ಮತ್ತು ಅದರ ಅರ್ಥದ ಭಾವನೆ ಎರಡನ್ನೂ ಜೊತೆಗೇ ಇಟ್ಟಿದ್ದಾರೆ. ನಾವು ಹೇಳುವ ಮೊದಲ ಶ್ಲೋಕ, ಅದೇ "ವಂದೇ ಗುರೂಣಾಂ", ಯೋಗತಾರಾವಳಿ ಅನ್ನೋ ಯೋಗಗ್ರಂಥದ್ದು. ಅದರಲ್ಲಿ ಸಂಸಾರದ ಮೋಹವೇ ಹಾಲಾಹಲ, ಅದನ್ನು ಇಳಿಸೋಕೆ ಬರುವ ಗುರುವೇ ವಿಷವೈದ್ಯ. ತೊಡೆ ನೋಯಿಸಿಕೊಂಡು ಕೂತಿದ್ದ ನನಗೆ ಅದು ನೇರವಾಗಿ ತಟ್ಟಿತು. ಆದರೆ ಅರ್ಥ ತಿಳಿದ ಮೇಲೇ ಬಾಯಿ ಬಿಡ್ತೀನಿ ಅನ್ನೋ ನಿಮ್ಮ ಷರತ್ತನ್ನು ನಾನು ಒಪ್ಪೋದಿಲ್ಲ. ಅರ್ಥ ಹೇಳ್ತಾ ಹೇಳ್ತಾ ಬರುತ್ತೆ.

ಯಾವುದೋ ಒಂದೇ ಶ್ಲೋಕ ಕಡ್ಡಾಯವೂ ಅಲ್ಲ. ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗ ಪರಂಪರೆಯವರು "ಯೋಗೇನ ಚಿತ್ತಸ್ಯ" ಶ್ಲೋಕದಿಂದ ಶುರು ಮಾಡ್ತಾರೆ. ಧರ್ಮದ ಕಾರಣಕ್ಕೆ ಮುಜುಗರ ಆಗುತ್ತಿದ್ದರೆ ಮೇಷ್ಟ್ರಿಗೆ ಬಾಯಿಬಿಟ್ಟು ಹೇಳಿ, ಆ ಹೊತ್ತಲ್ಲಿ ಭ್ರಾಮರಿ, ಅಂದರೆ ದುಂಬಿಯ ಹಾಗೆ ಗುಂಯ್‌ಗುಡುವ ಪ್ರಾಣಾಯಾಮ, ಮಾಡಿ. ಅದಕ್ಕೆ ಪದವೇ ಬೇಡ. ಹೊರಗೆ ಮಾತ್ರ ನಿಲ್ಲಬೇಡಿ.