ಮುಳ್ಳೇರಿಯದಿಂದ ಮಾನಸಗಂಗೋತ್ರಿಗೆ

ಕಾಸರಗೋಡಿನ ಮಕ್ಕಳು ಓದಲಿಕ್ಕೆ ಮೈಸೂರಿಗೆ ಬಂದರೆ ಅದು ಹೊರರಾಜ್ಯಕ್ಕೆ ಬಂದ ಹಾಗೋ, ಸ್ವಂತ ನಾಡಿಗೆ ಬಂದ ಹಾಗೋ ಎಂದು ಕೇಳಿದಿರಿ. ಮಾತಿಗೆ ಸ್ವಂತ ನಾಡು, ಕಾಗದಕ್ಕೆ ಹೊರರಾಜ್ಯ. 2022ರಿಂದ ಎರಡು ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದಿದವಳು ನಾನು, ಕಂಡದ್ದನ್ನು ಹೇಳುತ್ತೇನೆ.

ನಮ್ಮ ಮನೆ ಕಾಸರಗೋಡಿನ ಮುಳ್ಳೇರಿಯದ ಹತ್ತಿರ. ಅಜ್ಜ ಹುಟ್ಟುವಾಗ ಅದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಯಿತು. ಅಪ್ಪ ಹುಟ್ಟುವಾಗ ಕಣ್ಣೂರು ಜಿಲ್ಲೆ. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು, ನಾನು ಹುಟ್ಟಿದ್ದು ಅದರಲ್ಲಿ. ಮೂವರೂ ಹುಟ್ಟಿದ್ದು ಒಂದೇ ಮನೆಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪೇಟೆಯಲ್ಲಿ ಮಲಯಾಳ. ಇದು ನಮಗೆ ದೊಡ್ಡ ಸಂಗತಿಯೇ ಅಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಮುಖ ನೋಡಿ ಭಾಷೆ ಬದಲಾಯಿಸುವುದು ಎಲ್ಲರಿಗೂ ಅಭ್ಯಾಸ.

ದಾರಿಯೂ ದೂರವಲ್ಲ. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆ ನಮ್ಮ ಊರಿನ ಮೇಲೆಯೇ ಹೋಗುತ್ತದೆ. ಜಾಲ್ಸೂರು ಮುಟ್ಟಿದರೆ ಕರ್ನಾಟಕ. ಆಮೇಲೆ ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ, ಹುಣಸೂರು. ಆದರೆ 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಘಾಟಿ ರಸ್ತೆ ಮುಚ್ಚಿತ್ತಲ್ಲ, ಅಂದಿನಿಂದ ಅಮ್ಮನಿಗೆ ಮಳೆಗಾಲದ ರಾತ್ರಿ ಬಸ್ಸೆಂದರೆ ಹೆದರಿಕೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಊರಿಗೆ ಬರಬೇಡ, ಫೋನು ಮಾಡಿದರೆ ಸಾಕು ಅನ್ನುತ್ತಿದ್ದಳು.

ಕಷ್ಟ ಶುರುವಾಗುವುದು ಕಾಗದದಲ್ಲಿ. ಪದವಿ ಓದಿದ್ದು ಕಾಸರಗೋಡು ಸರಕಾರಿ ಕಾಲೇಜಿನಲ್ಲಿ, ಸರ್ಟಿಫಿಕೇಟು ಕಣ್ಣೂರು ವಿಶ್ವವಿದ್ಯಾನಿಲಯದ್ದು, ಹಾಗಾಗಿ ಮೊದಲು ಮೈಗ್ರೇಷನ್ ಸರ್ಟಿಫಿಕೇಟು ಬೇಕು. ಅದು ಹೇಗೋ ಆಗುತ್ತದೆ. ವಿದ್ಯಾರ್ಥಿವೇತನದ ಅರ್ಜಿ ಹಾಗಲ್ಲ. ಕರ್ನಾಟಕದ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಆರ್‌ಡಿ ಸಂಖ್ಯೆ ಎಂದು ಒಂದು ಉಂಟು. ಅರ್ಜಿಯಲ್ಲಿ ಕೇಳುವುದು ಅದನ್ನೇ. ನಮ್ಮ ಪ್ರಮಾಣಪತ್ರ ಕೇರಳದ ಅಕ್ಷಯ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿ ವಿಲ್ಲೇಜ್ ಆಫೀಸಿನಿಂದ ಪಡೆದದ್ದು, ಅದಕ್ಕೆ ಆ ಸಂಖ್ಯೆ ಎಲ್ಲಿಂದ ಬರಬೇಕು? ಒಂದು ಕಚೇರಿಯಲ್ಲಿ ಮೂರು ಸಲ ನಿಂತು ವಾಪಸು ಬಂದೆ. ಅಲ್ಲಿದ್ದವರು ಕೆಟ್ಟವರಲ್ಲ, ಪಾಪ, ಅವರ ಪರದೆಯಲ್ಲಿ ನನ್ನಂಥವಳಿಗೆ ಜಾಗವೇ ಇರಲಿಲ್ಲ. ಆ ವರ್ಷದ ಫೀಸಿಗೆ ಅಪ್ಪ ಅಡಿಕೆಯನ್ನು ಧಾರಣೆ ಏರುವ ಮೊದಲೇ ಕೊಟ್ಟರು. ಇದು ನನಗೆ ಈಗಲೂ ಬೇಸರದ ವಿಷಯ.

2023ರ ಜೂನ್ 11ಕ್ಕೆ ಕರ್ನಾಟಕದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು. ರೂಮಿನ ಗೆಳತಿಯರಿಬ್ಬರು, ಒಬ್ಬಳು ಚಾಮರಾಜನಗರದವಳು, ಇನ್ನೊಬ್ಬಳು ಹಾಸನದವಳು, ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಿದ್ದರು. ನನ್ನ ಆಧಾರಿನ ವಿಳಾಸ ಕೇರಳದ್ದು, ನಾನು ದುಡ್ಡು ಕೊಡಬೇಕು. ನಿಯಮ ಅದು, ನಾನು ದೂರುವುದಿಲ್ಲ. ಒಂದೇ ಸೀಟಿನಲ್ಲಿ ಒಂದೇ ಭಾಷೆಯಲ್ಲಿ ಮಾತಾಡುತ್ತಾ ಕೂತ ಮೂವರಲ್ಲಿ ನಾನೊಬ್ಬಳು ಪರ್ಸು ತೆಗೆಯುವಾಗ ಮಾತ್ರ ಮನಸ್ಸಿಗೆ ಏನೋ ಆಗುತ್ತಿತ್ತು.

ಬಾಗಿಲು ಪೂರ್ತಿ ಮುಚ್ಚಿದೆ ಎಂದು ತಿಳಿಯಬೇಡಿ. ಎಂಜಿನಿಯರಿಂಗಿನಂಥ ಕೋರ್ಸಿಗೆ ಸಿಇಟಿ ಬರೆಯುವವರಿಗೆ ಗಡಿನಾಡು ಕನ್ನಡಿಗರೆಂಬ ಅವಕಾಶ ಉಂಟು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರು ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದರೆ ಅದರಲ್ಲಿ ಬರುತ್ತಾರೆ. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯವರಿಗೂ ಹೀಗೆಯೇ. ಒಂದು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಊರಿನಲ್ಲಿ ಇದು ಗೊತ್ತಿಲ್ಲದೆ ಅರ್ಜಿಯಲ್ಲಿ ಹೊರರಾಜ್ಯ ಎಂದು ಗುರುತು ಹಾಕುವವರು ಇದ್ದಾರೆ, ನಿಮಗೆ ಪರಿಚಯದವರಿದ್ದರೆ ದಯವಿಟ್ಟು ಹೇಳಿ.

ಮೈಸೂರಿನ ಮಾತಿಗೆ ಹೊಂದಿಕೊಳ್ಳಲು ಒಂದು ತಿಂಗಳು ಬೇಕಾಯಿತು. ಕುಕ್ಕರಹಳ್ಳಿ ಕೆರೆಯ ಹತ್ತಿರ ಎಳನೀರಿನ ಗಾಡಿಯವರಲ್ಲಿ 'ಒಂದು ಬೊಂಡ ಕೊಡಿ' ಎಂದೆ. ನಮಗೆ ಬೊಂಡ ಅಂದರೆ ಎಳನೀರು, ಅವರಿಗೆ ಎಣ್ಣೆಯಲ್ಲಿ ಕರಿದದ್ದು. ಬಚ್ಚಂಗಾಯಿ ಅಂದರೆ ಕಲ್ಲಂಗಡಿ ಎಂದೂ ವಿವರಿಸಬೇಕು. ಇದೆಲ್ಲ ಸಂತೋಷದ್ದೇ. ಆದರೆ ಮನೆ ಮಾಲಕಿ ಅಮ್ಮ ಮೊದಲ ದಿನ, 'ಕೇರಳದವ್ಳಾದ್ರೂ ಎಷ್ಟ್ ಚೆನ್ನಾಗ್ ಕನ್ನಡ ಕಲ್ತಿದೀಯಮ್ಮ' ಎಂದರು. ಪ್ರೀತಿಯಿಂದಲೇ ಹೇಳಿದ್ದು. ನಾನು ಕಲಿತದ್ದಲ್ಲಮ್ಮ, ಗೋವಿಂದ ಪೈಗಳ ಮಂಜೇಶ್ವರ, ಕಯ್ಯಾರ ಕಿಞ್ಞಣ್ಣ ರೈಗಳ ಬದಿಯಡ್ಕ ನಮ್ಮಲ್ಲೇ ಇರುವುದು ಎಂದು ಕೂತು ಹೇಳಿದೆ. ಅವರು ಕೇಳಿದರು, ಆಮೇಲೆ ಆ ಮಾತು ಬರಲಿಲ್ಲ.

ಇನ್ನು ಊಟ. ಬೋಗಾದಿ ಕಡೆ ಮೂವರು ಸೇರಿ ಬಾಡಿಗೆ ರೂಮು ಮಾಡಿದ್ದೆವು. ನನಗೆ ಕುಚ್ಚಲಕ್ಕಿ ಗಂಜಿ ಇಲ್ಲದೆ ಹೊಟ್ಟೆ ತುಂಬುವುದಿಲ್ಲ. ಸೋನಾ ಮಸೂರಿ ಎರಡು ವಿಶಲಿಗೆ ಬೇಯುತ್ತದೆ, ಕುಚ್ಚಲಕ್ಕಿಗೆ ಮುಕ್ಕಾಲು ಗಂಟೆ ಒಲೆ ಬೇಕು. ಇದ್ದದ್ದು ಒಂದು ಸಣ್ಣ ಸಿಲಿಂಡರು, ದುಡ್ಡು ಮೂರು ಪಾಲು. ನನ್ನ ಅನ್ನಕ್ಕೆ ಅವರ ಗ್ಯಾಸು ಉರಿಯುವುದು ಸರಿಯಲ್ಲ ಎನಿಸಿ ಮೊದಲ ತಿಂಗಳು ಸುಮ್ಮನಿದ್ದೆ. ದಸರಾ ರಜೆಗೆ ಹೋದಾಗ ಅಮ್ಮನಿಗೆ ಹೇಳಿದೆ. ಅವಳು ಥರ್ಮಲ್ ಕುಕ್ಕರನ್ನೇ ಕಟ್ಟಿ ಕೊಟ್ಟಳು. ನಮ್ಮ ಕಡೆ ಅದು ಬಹಳ ಮನೆಗಳಲ್ಲಿ ಉಂಟು. ಅಕ್ಕಿಯನ್ನು ಸ್ವಲ್ಪ ಹೊತ್ತು ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಹಾಗೆಯೇ ಅದರೊಳಗಿಟ್ಟು ಮುಚ್ಚಿದರೆ ತನ್ನ ಬಿಸಿಯಲ್ಲೇ ಬೇಯುತ್ತದೆ. ಬೆಳಿಗ್ಗೆ ಇಟ್ಟು ಕ್ಲಾಸಿಗೆ ಹೋದರೆ ಮಧ್ಯಾಹ್ನ ಬರುವಾಗ ಬಿಸಿ ಅನ್ನ. ಚಾಮರಾಜನಗರದವಳು ಅದರ ತಿಳಿಗೆ ಉಪ್ಪು ಹಾಕಿ ಮಿಡಿ ಉಪ್ಪಿನಕಾಯಿಯೊಂದಿಗೆ ಕುಡಿಯಲು ಕಲಿತಳು. ಭಾನುವಾರ ಅವಳು ಮುದ್ದೆ ತಿರುವುತ್ತಿದ್ದಳು.

ಕೋರ್ಸು ಮುಗಿಸಿ ಹೊರಡುವಾಗ ಕುಕ್ಕರನ್ನು ರೂಮಿನಲ್ಲೇ ಬಿಟ್ಟು ಬಂದೆ. ನನ್ನ ಜಾಗಕ್ಕೆ ನಮ್ಮ ಕಾಸರಗೋಡಿನದೇ ಪೆರ್ಲದ ಹುಡುಗಿಯೊಬ್ಬಳು ಬರುವವಳಿದ್ದಳು.