ಎಂಟರಲ್ಲಿ ಒಂದು ಮೂಳೆ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಹುಣಸೆ ಮರದಿಂದ ಬಿದ್ದು ಬಲಗೈ ಊರಿದ. ಎಕ್ಸ್‌ರೇ ತೆಗೆಸಿದೆವು, ಮುರಿದಿಲ್ಲ ಎಂದರು. ಮನೆಗೆ ಬಂದ ಮೇಲೆ ಪಿಯುಸಿ ಓದುತ್ತಿರುವ ಅವನ ಅಕ್ಕ ಫಿಲ್ಮನ್ನು ಕಿಟಕಿಗೆ ಹಿಡಿದು ಎಣಿಸಿದಳು. ಮಣಿಕಟ್ಟಿನಲ್ಲಿ ಎಂಟು ಮೂಳೆ ಇರಬೇಕಂತೆ, ಇವನಿಗೆ ಇರುವುದು ಏಳೇ. ಒಂದು ಹುಟ್ಟಿನಿಂದಲೇ ಇಲ್ಲವೇ? ಬಿದ್ದು 12 ದಿನವಾಯಿತು, ಹೆಬ್ಬೆರಳಿನ ಬುಡದಲ್ಲಿ ನೋವು ಇನ್ನೂ ಇದೆ.
— ಓದುಗರು, ಚಿಂತಾಮಣಿ

ಉತ್ತರ: ಮೊದಲು ಆ ಅಕ್ಕನಿಗೆ ಒಂದು ಶಹಬ್ಬಾಸ್. ಎಣಿಕೆ ಸರಿಯಾಗಿದೆ. ಮೂಳೆ ಕಳೆದುಹೋಗಿಲ್ಲ, ಇನ್ನೂ ಬಂದಿಲ್ಲ ಅಷ್ಟೆ.

ಹುಟ್ಟಿದ ಕೂಸಿನ ಕೈಯನ್ನು ಎಕ್ಸ್‌ರೇ ತೆಗೆದರೆ ಮಣಿಕಟ್ಟಿನ ಜಾಗ ಖಾಲಿ ಕಾಣುತ್ತದೆ. ಅಲ್ಲಿರುವುದೆಲ್ಲ ಮೃದ್ವಸ್ಥಿ, ಅಂದರೆ ಕಿವಿಯ ಹಾಲೆಯ ಮೇಲ್ಭಾಗದಲ್ಲಿ ಕೈಗೆ ಸಿಗುತ್ತದಲ್ಲ, ಆ ಥರದ್ದು. ಅದು ಫಿಲ್ಮಿನಲ್ಲಿ ಮೂಡುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ನಡುವಿನ ಕ್ಯಾಪಿಟೇಟ್, ಅದರ ಬೆನ್ನಿಗೇ ಹ್ಯಾಮೇಟ್ ಗಟ್ಟಿಯಾಗತೊಡಗುತ್ತವೆ. ಆಮೇಲೆ ಟ್ರೈಕ್ವೆಟ್ರಲ್, ಲೂನೇಟ್, ಸ್ಕೇಫಾಯ್ಡ್, ಟ್ರೆಪೀಜಿಯಂ, ಟ್ರೆಪೆಜಾಯ್ಡ್. ಬಲಗೈಯ ಹಿಂಬದಿಯನ್ನು ನೋಡುತ್ತಾ ಈ ಹೆಸರುಗಳ ಮೇಲೆ ಬೆರಳಾಡಿಸಿದರೆ ಹೆಚ್ಚುಕಡಿಮೆ ಒಂದು ಪ್ರದಕ್ಷಿಣೆ ಆಗುತ್ತದೆ. ಆರೇಳು ವರ್ಷಕ್ಕೆ ಏಳೂ ಹಾಜರು. ಎಂಟನೆಯದು ಪಿಸಿಫಾರ್ಮ್, ಎಲ್ಲರಿಗಿಂತ ಸೋಮಾರಿ. 8ರಿಂದ 12 ವರ್ಷದೊಳಗೆ ಯಾವಾಗಲಾದರೂ ಬರುತ್ತದೆ. ಹೆಣ್ಣುಮಕ್ಕಳಿಗೆ ಬೇಗ, ಗಂಡುಮಕ್ಕಳಿಗೆ ತಡ. ಬಂದ ಮೇಲೂ ನೇರ ತೆಗೆದ ಎಕ್ಸ್‌ರೇಯಲ್ಲಿ ಟ್ರೈಕ್ವೆಟ್ರಲ್ ಮೇಲೆಯೇ ಕೂತಿರುವುದರಿಂದ ಬೇರೆಯಾಗಿ ಕಾಣುವುದು ಕಷ್ಟ.

ಪಿಸಿಫಾರ್ಮ್ ಎಂದರೆ ಲ್ಯಾಟಿನ್‌ನಲ್ಲಿ ಬಟಾಣಿಯಂಥದ್ದು. ನಮ್ಮ ಕಡೆಯವರು ಹೆಸರಿಟ್ಟಿದ್ದರೆ ಅವರೆಕಾಳು ಅನ್ನುತ್ತಿದ್ದರು. ನಾನು ಮೊದಲ ವರ್ಷದ ಎಂಬಿಬಿಎಸ್‌ನಲ್ಲಿದ್ದಾಗ ಹಾಸ್ಟೆಲ್‌ನ ಬೋನ್ ಸೆಟ್‌ನಿಂದ ಈ ಮೂಳೆ ಉರುಳಿ ಹೋಯಿತು. ಸೀನಿಯರ್ ಒಬ್ಬ ಒಣ ಅವರೆಕಾಳು ಒಂದನ್ನು ಅದರ ಜಾಗದಲ್ಲಿಟ್ಟ. ಎರಡು ವಾರ ಯಾರಿಗೂ ಗೊತ್ತಾಗಲಿಲ್ಲ.

ಅಕ್ಕನಿಗೆ ಒಂದು ಕೆಲಸ ಹೇಳಿ. ಅವಳ ಅಂಗೈ ಮೇಲೆ ಮಾಡಿ ಮಣಿಕಟ್ಟಿನ ಗೆರೆಯ ಮೇಲೆ, ಕಿರುಬೆರಳಿನ ಬದಿಯಲ್ಲಿ ಒತ್ತಲಿ. ಗುಂಡಗಿನ ಗಂಟೊಂದು ಸಿಗುತ್ತದೆ. ಕೈ ಸಡಿಲ ಬಿಟ್ಟರೆ ಅದು ಆಚೀಚೆ ಅಲುಗುತ್ತದೆ, ಮಣಿಕಟ್ಟನ್ನು ಬಿಗಿಯಾಗಿ ಒಳಕ್ಕೆ ಬಾಗಿಸಿದರೆ ಕಲ್ಲಿನಂತೆ ನಿಂತುಬಿಡುತ್ತದೆ. ಯಾಕೆಂದರೆ ಅದು ಕೂತಿರುವುದೇ ಸ್ನಾಯುರಜ್ಜುವಿನೊಳಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದೊಳಗೆ. ಮಿಕ್ಕ ಏಳರ ಜೊತೆ ಎಣಿಸುತ್ತೇವೆ, ಆದರೆ ಜಾತಿ ಬೇರೆ.

ಇಷ್ಟು ಹೇಳಿದೆ, ಈಗ ನಿಮ್ಮನ್ನು ಸ್ವಲ್ಪ ಗದರುತ್ತೇನೆ. ನೀವು ಹುಡುಕುತ್ತಿರುವ ಮೂಳೆ ಕಿರುಬೆರಳ ಕಡೆಯದು. ಹುಡುಗ ನೋವು ಅನ್ನುತ್ತಿರುವುದು ಹೆಬ್ಬೆರಳ ಕಡೆ! ಹೆಬ್ಬೆರಳನ್ನು ಮೇಲೆತ್ತಿದಾಗ ಬುಡದಲ್ಲಿ ಎರಡು ನರ ಎದ್ದಂತೆ ಕಂಡು ನಡುವೆ ಗುಳಿ ಬೀಳುತ್ತದೆ. ನಶ್ಯ ಹಾಕುವವರು ಪುಡಿ ಸುರಿದುಕೊಳ್ಳುವ ಗುಳಿ ಅದೇ. ಅಲ್ಲಿ ಒತ್ತಿದಾಗ ಅವನು ಕೈ ಕಿತ್ತುಕೊಂಡರೆ ಸ್ಕೇಫಾಯ್ಡ್ ಮೇಲೆ ಅನುಮಾನ ಪಡಬೇಕು. ಈ ಮೂಳೆಯ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಅದಕ್ಕೇ ಸಂಶಯವಿದ್ದರೆ ಕಟ್ಟು ಹಾಕಿ, 10-14 ದಿನ ಬಿಟ್ಟು ಮತ್ತೆ ತೆಗೆಯುತ್ತಾರೆ.

ನನ್ನದೇ ಉದಾಹರಣೆ. ಪಿಯುಸಿಯಲ್ಲಿದ್ದಾಗ ನಂದಿಬೆಟ್ಟದ ಇಳಿಜಾರಿನಲ್ಲಿ ಸೈಕಲ್‌ನಿಂದ ಬಿದ್ದೆ. ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ "ಉಳುಕು" ಎಂದು ಬಟ್ಟೆ ಸುತ್ತಿ ಕಳಿಸಿದರು. ಮತ್ತೆ ಬಾ ಅನ್ನಲಿಲ್ಲ, ನಾನೂ ಹೋಗಲಿಲ್ಲ. ಎರಡು ವರ್ಷ ಕಳೆದು, ಗೋಡಂಬಿಯಂತಿರುವ ಸ್ಕೇಫಾಯ್ಡನ್ನು ಕೈಯಲ್ಲಿ ಹಿಡಿದು ಅದರ ಸೊಂಟ ನೋಡಿದಾಗ ನನಗೆ ಏನಾಗಿತ್ತೆಂದು ಹೊಳೆಯಿತು. ಈ ಮೂಳೆಗೆ ರಕ್ತ ಬಹುಪಾಲು ಬೆರಳ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ ಹರಿಯುತ್ತದೆ. ಟೊಮೆಟೊ ತೋಟದ ಡ್ರಿಪ್ ಪೈಪು ನಡುವೆ ತುಂಡಾದರೆ ಆಚೆಯ ಗಿಡ ಒಣಗುವ ಹಾಗೆ, ಸೊಂಟದಲ್ಲಿ ಮುರಿದರೆ ಮುಂಗೈ ಕಡೆಯ ಚೂರಿಗೆ ರಕ್ತ ಸಾಲದೆ ಕೂಡಿಕೊಳ್ಳುವುದು ನಿಧಾನ. ಕೆಲವೊಮ್ಮೆ ಕೂಡುವುದೇ ಇಲ್ಲ, ನನ್ನದು ಕೂಡಲಿಲ್ಲ. ಇವತ್ತಿಗೂ ಬಲ ಅಂಗೈಯನ್ನು ನೆಲಕ್ಕೆ ಪೂರ್ತಿ ಊರಲಾರೆ.

ಈ ವಾರವೇ ಮೂಳೆ ಡಾಕ್ಟರ ಬಳಿ ಹೋಗಿ. ಅಲ್ಲಿಯವರೆಗೆ ಎಣ್ಣೆ ತಿಕ್ಕಿಸುವುದು, ನೆಟಿಗೆ ತೆಗೆಸುವುದು ಬೇಡ.

ಪ್ರಶ್ನೆ: ರೇಷ್ಮೆ ನೂಲು ಬಿಚ್ಚುವ ಕೆಲಸ ನನ್ನದು. ಹೆಬ್ಬೆರಳು ನೋವೆಂದು ಎಕ್ಸ್‌ರೇ ತೆಗೆಸಿದರೆ ಗೆಣ್ಣಿನ ಹತ್ತಿರ ಎರಡು ಸಣ್ಣ ಚುಕ್ಕೆ. ಮೂಳೆ ಚೂರು, ಆಪರೇಷನ್ ಆಗಬೇಕು ಎನ್ನುತ್ತಾರೆ ಪಕ್ಕದ ಮನೆಯವರು.
— ಓದುಗರು, ಶಿಡ್ಲಘಟ್ಟ

ಉತ್ತರ: ಪಕ್ಕದ ಮನೆಯವರ ಹೆಬ್ಬೆರಳನ್ನೂ ತೆಗೆಸಿ ನೋಡಿ, ಅಲ್ಲೂ ಎರಡು ಚುಕ್ಕೆ ಇರುತ್ತವೆ. ಇವು ಸೆಸಮಾಯ್ಡ್ ಮೂಳೆಗಳು. ಎಳ್ಳಿಗೆ ಗ್ರೀಕರಿಟ್ಟ ಹೆಸರಿನಿಂದ ಬಂದ ಪದ. ಸ್ನಾಯುರಜ್ಜು ಗೆಣ್ಣಿನ ಮೇಲೆ ಹಾದು ಉಜ್ಜುವ ಕಡೆ ಬಾವಿಯ ರಾಟೆಯ ಹಾಗೆ ಕೂತು, ಉಜ್ಜಾಟ ಕಡಿಮೆ ಮಾಡಿ ಎಳೆತಕ್ಕೆ ಬಲ ಕೊಡುತ್ತವೆ. ಮೇಲಿನ ಪತ್ರದ ಅವರೆಕಾಳೂ ಇದೇ ಜಾತಿಯದು. ಎಲ್ಲಕ್ಕಿಂತ ದೊಡ್ಡದು ಮಂಡಿಚಿಪ್ಪು. ಕಾಲಿನ ಹೆಬ್ಬೆರಳ ಕೆಳಗೂ ಎರಡಿವೆ, ಅದರಲ್ಲೊಂದು ಕೆಲವರಿಗೆ ಹುಟ್ಟಾ ಎರಡು ಹೋಳಾಗಿದ್ದು ಮುರಿತ ಎಂದು ಮೋಸ ಮಾಡುತ್ತದೆ.

ಗುರುತು ಹಿಡಿಯುವುದು ಹೀಗೆ: ಸೆಸಮಾಯ್ಡ್ ಸುತ್ತ ನಯವಾದ ಬಿಳಿ ಅಂಚು ಪೂರ್ತಿ ಇರುತ್ತದೆ. ಹೊಸದಾಗಿ ಮುರಿದ ಚೂರಿಗೆ ಒಂದು ಕಡೆ ಆ ಅಂಚು ಇರುವುದಿಲ್ಲ, ಒರಟಾಗಿರುತ್ತದೆ.

ಆ ಎಳ್ಳು ಅಲ್ಲೇ ಇರಲಿ. ನಿಮ್ಮ ನೋವು ಗೆಣ್ಣಿನಲ್ಲೋ, ಇನ್ನೂ ಕೆಳಗೆ ಮಣಿಕಟ್ಟಿನ ಪಕ್ಕದಲ್ಲೋ ನೀವು ಬರೆದಿಲ್ಲ. ಎಳೆ ಹಿಡಿದೂ ಹಿಡಿದೂ ಹೆಬ್ಬೆರಳಿನ ರಜ್ಜುಗಳ ಒರೆ ಊದಿಕೊಳ್ಳುವುದನ್ನು ನಾನು ದಿನವೂ ನೋಡುತ್ತೇನೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿ ಕೈಯನ್ನು ಕಿರುಬೆರಳ ಕಡೆ ಮೆಲ್ಲಗೆ ಬಾಗಿಸಿ ನೋಡಿ. ಚುಳ್ ಎಂದರೆ ಮುಂದಿನ ಪತ್ರದಲ್ಲಿ ತಿಳಿಸಿ.