ಕೇಳಿ, ಹೇಳುತ್ತೇನೆ: ಭಟ್ಟಿ, ತೆರಿಗೆ, ದಂಗೆ

(ಉತ್ತರಿಸುವವರು: ಕಾರವಾರದ ನಿವೃತ್ತ ಅಬಕಾರಿ ಅಧಿಕಾರಿ)

ಪ್ರಶ್ನೆ: ನಮ್ಮಲ್ಲಿ ಬೀಜ ತೆಗೆದ ಮೇಲೆ ಗೇರುಹಣ್ಣು ಮರದಡಿಯೇ ಕೊಳೆಯುತ್ತದೆ. ಗಡಿಯಾಚೆ ಗೋವಾದಲ್ಲಿ ಅದನ್ನೇ ಭಟ್ಟಿ ಇಳಿಸಿ ಫೆನಿ ಎಂಬ ಮದ್ಯ ಮಾಡುತ್ತಾರೆ. ಅಮೆರಿಕದ ರೈತರು ವಿಸ್ಕಿ ತೆರಿಗೆ ವಿರುದ್ಧ ದಂಗೆ ಎದ್ದಿದ್ದರಂತೆ, ನಿಜವೇ? – ಗೇರು ಬೆಳೆಗಾರ, ಅಂಕೋಲಾ

ಉತ್ತರ: ನಿಜ ಮಾರಾಯ್ರೇ. ಅದೂ ಕುಡಿಯುವ ಚಟಕ್ಕಾಗಿ ಅಲ್ಲ, ಸಾಗಾಟದ ಖರ್ಚಿಗಾಗಿ. ಪಶ್ಚಿಮ ಪೆನ್ಸಿಲ್ವೇನಿಯಾದವರು ರೈ ಎಂಬ ಗೋಧಿ ಜಾತಿಯ ಧಾನ್ಯ ಬೆಳೆಯುತ್ತಿದ್ದರು. ಪೇಟೆ ಇದ್ದದ್ದು ಬೆಟ್ಟಸಾಲಿನ ಆಚೆ. ಒಂದು ಕುದುರೆ ಹೊರುವುದು 4 ಬುಶೆಲ್ (ಅಲ್ಲಿನ ಧಾನ್ಯದ ಅಳತೆ) ಧಾನ್ಯ. ಭಟ್ಟಿ ಇಳಿಸಿದರೆ ಅದೇ ಕುದುರೆ 24 ಬುಶೆಲ್ಲಿನ ವಿಸ್ಕಿ ಹೊರುತ್ತಿತ್ತು. ನಗದು ಸಿಗದ ಆ ಊರುಗಳಲ್ಲಿ ಕೂಲಿಗೂ ವಿಸ್ಕಿಯನ್ನೇ ಕೊಡುತ್ತಿದ್ದರು.

1791ರಲ್ಲಿ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಇದರ ಮೇಲೆ ತೆರಿಗೆ ಹಾಕಿಸಿದ. ನಗದೇ ಕಟ್ಟಬೇಕು. ದೊಡ್ಡ ಭಟ್ಟಿಯವರಿಗೆ ಗ್ಯಾಲನ್ ಲೆಕ್ಕದಲ್ಲಿ ಕಡಿಮೆ ಬೀಳುತ್ತಿತ್ತು, ಸಣ್ಣವರಿಗೆ ಜಾಸ್ತಿ. ತಕರಾರು ಬಂದರೆ ಸುಮಾರು 480 ಕಿ.ಮೀ. ದೂರದ ಫಿಲಡೆಲ್ಫಿಯಾ ಕೋರ್ಟಿಗೆ ಹೋಗಬೇಕು. ಸಿಟ್ಟು ಬರದೇ ಇರುತ್ತದೆಯೇ? ರಾಬರ್ಟ್ ಜಾನ್ಸನ್ ಎಂಬ ವಸೂಲಿಗಾರನನ್ನು ಹಿಡಿದು, ಮೈಗೆ ಟಾರು ಬಳಿದು ಪುಕ್ಕ ಅಂಟಿಸಿ ಕಳಿಸಿದರು. ಗೋವಾ ಗಡಿಯ ಮಾಜಾಳಿ ತಪಾಸಣೆ ಗೇಟಿನಲ್ಲಿ ರಾತ್ರಿಪಾಳಿ ಮಾಡಿದ ನನಗೆ ಕನಿಕರ ಮೊದಲು ಹುಟ್ಟುವುದು ಅವನ ಮೇಲೆಯೇ. ಕಾನೂನು ಬರೆದವನು ರಾಜಧಾನಿಯಲ್ಲಿ, ಬೈಗುಳ ತಿನ್ನುವವನು ಗೇಟಿನಲ್ಲಿ.

1794ರಲ್ಲಿ ತೆರಿಗೆ ಮೇಲ್ವಿಚಾರಕ ನೆವಿಲ್‌ನ ಮನೆ ಸುಟ್ಟರು. ಅಧ್ಯಕ್ಷ ವಾಷಿಂಗ್ಟನ್ ಸುಮಾರು 13,000 ಮಂದಿಯ ದಂಡು ಕಟ್ಟಿ ತಾವೂ ಜೊತೆಗೆ ಹೊರಟರು. ದಂಗೆಯವರು ಯುದ್ಧಕ್ಕೆ ಮೊದಲೇ ಚದುರಿಹೋದರು. ಇಬ್ಬರಿಗೆ ರಾಜದ್ರೋಹದ ಶಿಕ್ಷೆಯಾಯಿತು, ವಾಷಿಂಗ್ಟನ್ನರೇ ಕ್ಷಮಿಸಿದರು. ತೆರಿಗೆ 1802ರಲ್ಲಿ ರದ್ದಾಯಿತು.

ತಮಾಷೆ ಏನು ಗೊತ್ತಾ? ಅಧಿಕಾರ ಬಿಟ್ಟ ವಾಷಿಂಗ್ಟನ್ ತಮ್ಮ ಮೌಂಟ್ ವರ್ನನ್ ಜಮೀನಿನಲ್ಲೇ ಭಟ್ಟಿ ಹಾಕಿದರು. 1799ರಲ್ಲಿ ಅಲ್ಲಿ ಇಳಿದದ್ದು ಹತ್ತಿರ ಹತ್ತಿರ 11,000 ಗ್ಯಾಲನ್! ಭಟ್ಟಿಯ ಕೆಲಸ ಮಾಡಿದವರಲ್ಲಿ ಅವರ ಗುಲಾಮರೂ ಇದ್ದರು. ಅದನ್ನು ಬಿಟ್ಟು ಈ ಕಥೆ ಹೇಳಬಾರದು.

ನಿಮ್ಮ ಗೇರುಹಣ್ಣಿನ ವಿಷಯ: ಪರವಾನಗಿ ಇಲ್ಲದೆ ಭಟ್ಟಿ ಹಚ್ಚಬೇಡಿ. ನಿವೃತ್ತನಾದರೂ ನಾನು ಹೇಳುವುದು ಅಷ್ಟೇ.

ಪ್ರಶ್ನೆ: ಬೂರ್ಬನ್ ಎಂಬ ಅಮೆರಿಕನ್ ವಿಸ್ಕಿ ಅಲ್ಲಿನ ಕೆಂಟಕಿ ರಾಜ್ಯದಲ್ಲೇ ಆಗಬೇಕೇ? – ಓದುಗ, ಶಿರಸಿ

ಉತ್ತರ: ಬೇಡ. ಅಮೆರಿಕದಲ್ಲಿ ಎಲ್ಲಾದರೂ ಸರಿ. ಧಾನ್ಯದಲ್ಲಿ ಶೇ. 51ರಷ್ಟಾದರೂ ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಬಣ್ಣ, ರುಚಿ ಬೆರೆಸುವಂತಿಲ್ಲ. ಒಮ್ಮೆ ಬಳಸಿದ ಪೀಪಾಯಿ ಬೂರ್ಬನ್‌ಗೆ ಮತ್ತೆ ಆಗದು, ಸುಮಾರು ಪೀಪಾಯಿಗಳು ಸ್ಕಾಟ್ಲೆಂಡಿಗೆ ಹೋಗುತ್ತವೆ.